ತೋಳು ಊದಿದರೆ ಎಣ್ಣೆ ಅಲ್ಲ, ಡಾಪ್ಲರ್ ಬೇಕು

ಪಾವಗಡ, ಮಧುಗಿರಿ, ಕೊರಟಗೆರೆ, ಶಿರಾ... ನಮ್ಮ ಕಡೆ ಯಾರಿಗೇ ಕ್ಯಾನ್ಸರ್ ಎಂದು ಗೊತ್ತಾದರೂ ಹೆಚ್ಚಿನವರು ಹಿಡಿಯುವುದು ಬೆಂಗಳೂರು ಬಸ್ಸನ್ನೇ. ಬಡವರ ಮೊದಲ ಆಸರೆ 1973ರಲ್ಲಿ ಆರಂಭವಾದ ಕಿದ್ವಾಯಿ ಸಂಸ್ಥೆ. ಕಿಮೊ ಮುಗಿಸಿ ಊರಿಗೆ ಮರಳುವ ಕೆಲವರ ತೋಳಿನಲ್ಲಿ ಸಣ್ಣ ನಳಿಕೆಯೊಂದು ಇರುತ್ತದೆ. ಅದರ ಬಗ್ಗೆ ಎಷ್ಟೋ ಮನೆಗಳಲ್ಲಿ ಗೊತ್ತಿರುವುದು ‘ಒದ್ದೆ ಮಾಡಬಾರದು’ ಎಂಬುದಷ್ಟೇ. ಅಷ್ಟು ಸಾಲದು.

ಕಿಮೊ ಔಷಧಗಳಲ್ಲಿ ಹಲವು ತುಂಬ ತೀಕ್ಷ್ಣ. ಕೈಯ ಸಣ್ಣ ನಾಳಗಳು ಅದನ್ನು ತಡೆಯುವುದಿಲ್ಲ. ಹಾಗಾಗಿ ತೋಳಿನಿಂದ ಹೃದಯದ ಹತ್ತಿರದ ದೊಡ್ಡ ರಕ್ತನಾಳದವರೆಗೆ ನಳಿಕೆ ಹಾಯಿಸುತ್ತಾರೆ. ಅದೇ ಪಿಕ್ ಲೈನ್. ಎದೆಯ ಚರ್ಮದಡಿ ಪುಟ್ಟ ಡಬ್ಬಿಯಂತೆ ಇಡುವುದು ಕಿಮೊ ಪೋರ್ಟ್. ಎರಡೂ ರೋಗಿಗೆ ಉಪಕಾರಿಗಳೇ. ಆದರೆ ನಳಿಕೆಯ ಸುತ್ತ ನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವೂ ಇದೆ. ಪೋರ್ಟ್‌ಗಿಂತ ಪಿಕ್ ಲೈನ್‌ನಲ್ಲಿ ಈ ಅಪಾಯ ಹೆಚ್ಚು.

ಎಂಜಿನಿಯರಿಂಗ್ ಓದುವ ನನಗೆ ಇದು ಪೈಪಿನ ಲೆಕ್ಕದಂತೆ ಕಾಣುತ್ತದೆ. ಪೈಪಿನೊಳಗೆ ಇನ್ನೊಂದು ಪೈಪ್ ತೂರಿಸಿದರೆ ಹರಿವು ನಿಧಾನವಾಗುತ್ತದೆ. ಅದಕ್ಕೇ ಪಿಕ್ ಲೈನ್ ನಾಳದ ಅಗಲದ ಶೇ 45ಕ್ಕಿಂತ ಹೆಚ್ಚು ಜಾಗ ಹಿಡಿಯಬಾರದು ಎನ್ನುತ್ತಾರೆ. ಹರಿವು ನಿಧಾನವಾಗುವುದು, ನಾಳದ ಗೋಡೆಗೆ ಗಾಯವಾಗುವುದು, ರಕ್ತಕ್ಕೇ ಹೆಪ್ಪುಗಟ್ಟುವ ಗುಣ ಹೆಚ್ಚುವುದು – ಹೆಪ್ಪಿಗೆ ಈ ಮೂರು ಕಾರಣಗಳನ್ನು ಇಂದಿಗೂ 19ನೇ ಶತಮಾನದ ಜರ್ಮನ್ ವೈದ್ಯ ರುಡಾಲ್ಫ್ ವಿರ್ಚೋ ಹೆಸರಿನಲ್ಲೇ ಕಲಿಸುತ್ತಾರೆ. ನಳಿಕೆ ಇರುವ ಕ್ಯಾನ್ಸರ್ ರೋಗಿಯಲ್ಲಿ ಮೂರೂ ಒಟ್ಟಿಗೆ ಸೇರಬಹುದು.

ಕಳೆದ ವರ್ಷ ನಮ್ಮ ಅತ್ತೆಗೆ ಆದದ್ದೂ ಇದೇ. ಪಿಕ್ ಲೈನ್ ಇದ್ದ ತೋಳು ಊದಿತು. ‘ಮಗ್ಗುಲು ಒತ್ತಿರಬೇಕು, ಎಣ್ಣೆ ಹಚ್ಚಿ ನೀವಿ’ ಎಂದರು ನೆರೆಯವರು. ಆಸ್ಪತ್ರೆ ಕೊಟ್ಟ ಡಿಸ್ಚಾರ್ಜ್ ಹಾಳೆಯಲ್ಲಿ ಎಚ್ಚರಿಕೆಯೇನೋ ಇತ್ತು, ಆದರೆ ಇಂಗ್ಲಿಷಿನಲ್ಲಿ. ಅದನ್ನು ಓದಬಲ್ಲ ಮಕ್ಕಳೆಲ್ಲ ಹಾಸ್ಟೆಲ್‌ಗಳಲ್ಲಿದ್ದೆವು. ನಾಲ್ಕು ದಿನ ಹಾಗೇ ಕಳೆಯಿತು. ಡಾಪ್ಲರ್ ಸ್ಕ್ಯಾನ್‌ನಲ್ಲಿ ಹೆಪ್ಪು ಕಂಡಿತು. ಔಷಧಕ್ಕೆ ಬಗ್ಗಿತು, ಪುಣ್ಯ.

ಹಾಗಾದರೆ ನಳಿಕೆ ಹಾಕಿದವರಿಗೆಲ್ಲ ಮೊದಲೇ ಹೆಪ್ಪು ತಡೆಯುವ ಔಷಧ ಕೊಡಬಾರದೇ? ರಕ್ತಸ್ರಾವದ ಅಪಾಯವಿರುವುದರಿಂದ ಎಲ್ಲರಿಗೂ ಕೊಡುವುದಿಲ್ಲ. ಹಾಗಾಗಿ ಲಕ್ಷಣ ಗುರುತಿಸುವ ಕಣ್ಣೇ ಮುಖ್ಯ ರಕ್ಷಣೆ. ನಳಿಕೆ ಇರುವ ಕಡೆಯ ತೋಳು, ಕುತ್ತಿಗೆ ಅಥವಾ ಮುಖದಲ್ಲಿ ಊತ, ನೋವು, ಕೆಂಪು ಇಲ್ಲವೇ ನೀಲಿ ಬಣ್ಣ, ಎದೆಯ ಮೇಲೆ ಉಬ್ಬಿದ ನರಗಳು – ಇವುಗಳಲ್ಲಿ ಒಂದು ಕಂಡರೂ ಅಂದೇ ವೈದ್ಯರಿಗೆ ತಿಳಿಸಬೇಕು. ತಿಕ್ಕಬಾರದು, ನಳಿಕೆಯನ್ನು ತಾವೇ ಎಳೆಯಬಾರದು. ಹೆಪ್ಪಿನ ಚೂರು ಶ್ವಾಸಕೋಶ ಸೇರಿದರೆ ಜೀವಕ್ಕೇ ಕುತ್ತು. ದಿಢೀರ್ ಉಸಿರಾಟದ ತೊಂದರೆ, ಎದೆನೋವು ಬಂದರೆ 108ಕ್ಕೆ ಕರೆ ಮಾಡುವುದು ತಡವಾಗಬಾರದು. ಸಕಾಲಕ್ಕೆ ಗೊತ್ತಾದರೆ ಸಾಮಾನ್ಯವಾಗಿ ಕನಿಷ್ಠ ಮೂರು ತಿಂಗಳ ಔಷಧ ಸಾಕಾಗಬಹುದು. ನಳಿಕೆ ಸರಿಯಾಗಿ ಕೆಲಸ ಮಾಡುತ್ತಿದ್ದು, ಸೋಂಕಿಲ್ಲದಿದ್ದರೆ ಅನೇಕ ವೇಳೆ ಅದನ್ನು ತೆಗೆಯುವ ಅಗತ್ಯವೂ ಇರುವುದಿಲ್ಲ.

2025–26ರ ಕೇಂದ್ರ ಬಜೆಟ್ ಮೂರು ವರ್ಷಗಳಲ್ಲಿ ಎಲ್ಲ ಜಿಲ್ಲಾ ಆಸ್ಪತ್ರೆಗಳಲ್ಲೂ ಕ್ಯಾನ್ಸರ್ ಡೇ ಕೇರ್ ಕೇಂದ್ರ ತೆರೆಯುವುದಾಗಿ ಹೇಳಿದೆ. ಸ್ವಾಗತಿಸೋಣ. ಆದರೆ ಪಾವಗಡದ ರೋಗಿಗೆ ತುಮಕೂರು ಕೂಡ ಹತ್ತಿರವಲ್ಲ. ನಳಿಕೆಯ ವಾರದ ಫ್ಲಶಿಂಗ್ ಮತ್ತು ಡ್ರೆಸ್ಸಿಂಗ್ ತಾಲ್ಲೂಕು ಆಸ್ಪತ್ರೆಯಲ್ಲೇ ಸಿಗಲಿ. ಅದಕ್ಕೆ ತರಬೇತಿ ಪಡೆದ ಒಬ್ಬ ನರ್ಸ್ ಸಾಕು. ಪ್ರತಿ ಆಸ್ಪತ್ರೆಯೂ ಡಿಸ್ಚಾರ್ಜ್ ಹಾಳೆಯ ಜೊತೆ ಅರ್ಧ ಪುಟದ ಕನ್ನಡ ಎಚ್ಚರಿಕೆ ಚೀಟಿ ಕೊಡಲಿ. ಇದಕ್ಕೆ ಕೋಟಿ ಅನುದಾನ ಬೇಕಿಲ್ಲ, ಒಂದು ಜೆರಾಕ್ಸ್ ಸಾಕು.

ಅಲ್ಲಿಯವರೆಗೆ ಆ ಕೆಲಸ ನಮ್ಮದು. ಮನೆಯಲ್ಲೋ ಬೀದಿಯಲ್ಲೋ ಕಿಮೊ ತೆಗೆದುಕೊಳ್ಳುತ್ತಿರುವವರು ಇದ್ದರೆ, ಈ ಭಾನುವಾರ ಊರಿಗೆ ಹೋದಾಗ ಅವರ ಡಿಸ್ಚಾರ್ಜ್ ಹಾಳೆ ಕೇಳಿ ಪಡೆಯಿರಿ. ಅಪಾಯದ ಲಕ್ಷಣಗಳನ್ನೂ ಆಸ್ಪತ್ರೆಯ ಫೋನ್ ನಂಬರನ್ನೂ ಕನ್ನಡದಲ್ಲಿ ದಪ್ಪಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿ. ನಾವು ಕಲಿತ ಇಂಗ್ಲಿಷ್ ಇಂಟರ್‌ವ್ಯೂಗೆ ಮಾತ್ರವಲ್ಲ, ಇದಕ್ಕೂ ಬರಬೇಕು.