ಬೇವಿನ ಮರದಡಿಯ ಅಮೆರಿಕನ್ ಕಾರು

ಕಳೆದ ತಿಂಗಳು ಅಫಜಲಪುರ ತಾಲ್ಲೂಕಿನ ಒಂದು ಹಳ್ಳಿಗೆ ಹೋಗಿದ್ದೆ. ಜೊತೆಗಿದ್ದವರು ಜೇವರ್ಗಿ ಕಡೆಯ ಒಬ್ಬ ರೈತರು ಮತ್ತು ಕಲಬುರಗಿಯಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ ಓದುತ್ತಿರುವ ಅವರ ಮಗ. ಹಳೆಯ ವಾಡೆಯೊಂದರ ಹಿತ್ತಿಲಲ್ಲಿ ಕಾರು ಮಾರಾಟಕ್ಕಿದೆ, ನೋಡಿ ಹೇಳಬೇಕು ಎಂದು ಕರೆದಿದ್ದರು. ಬೇವಿನ ಮರದ ಕೆಳಗೆ, ತೊಗರಿ ಕಟ್ಟಿಗೆಯ ಹೊರೆಗಳ ನಡುವೆ ನಿಂತಿದ್ದುದು 1950ರ ದಶಕದ ಆರಂಭದ ಪ್ಲಿಮತ್.

ಇಂಥ ಕಾರು ನಮ್ಮ ಹಳ್ಳಿಗೆ ಎಲ್ಲಿಂದ ಬಂತು ಎಂದು ವಿದ್ಯಾರ್ಥಿಗಳು ಕೇಳಬಹುದು. 1928ರಲ್ಲಿಯೇ ಜನರಲ್ ಮೋಟಾರ್ಸ್ ಕಂಪನಿ ಮುಂಬೈಯಲ್ಲಿ ಷೆವರ್ಲೆ ಕಾರುಗಳನ್ನು ಜೋಡಿಸತೊಡಗಿತ್ತು. ವಾಲಚಂದ್ ಹೀರಾಚಂದ್ ಅವರು 1944ರಲ್ಲಿ ಸ್ಥಾಪಿಸಿದ ಪ್ರೀಮಿಯರ್ ಆಟೊಮೊಬೈಲ್ಸ್, ಕುರ್ಲಾದಲ್ಲಿ ಡಾಡ್ಜ್, ಪ್ಲಿಮತ್ ಮತ್ತು ಡಿಸೋಟೊ ವಾಹನಗಳನ್ನು ಜೋಡಿಸಿತು. ಬಿಡಿಭಾಗ ತಂದು ಬರೀ ಜೋಡಿಸುವುದು ಸಾಲದು, ಇಲ್ಲಿಯೇ ತಯಾರಿಸಬೇಕು ಎಂದು 1953ರಲ್ಲಿ ಸರ್ಕಾರ ನೀತಿ ಮಾಡಿದಾಗ ಜನರಲ್ ಮೋಟಾರ್ಸ್ ಮರುವರ್ಷವೇ ಬಾಗಿಲು ಹಾಕಿತು. ಆಮೇಲೆ ರಸ್ತೆ ಅಂಬಾಸಿಡರ್ ಮತ್ತು ಫಿಯಟ್‌ಗಳ ಪಾಲಾಯಿತು. ದೊಡ್ಡ ಕಾರುಗಳು ಪೆಟ್ರೋಲಿನ ಖರ್ಚಿಗೆ ಹೆದರಿ ಹಿತ್ತಿಲು ಸೇರಿದವು.

ಅಂಥದೊಂದು ನಿಮ್ಮ ಕಣ್ಣಿಗೆ ಬಿದ್ದರೆ ಮೊದಲು ನೋಡಬೇಕಾದದ್ದು ಎಂಜಿನ್ ಅಲ್ಲ, ಕಾಗದ. ಆರ್.ಸಿ. ಪುಸ್ತಕದ ಚಾಸಿ ಸಂಖ್ಯೆ, ಎಂಜಿನ್ ಸಂಖ್ಯೆಗಳು ಗಾಡಿಯ ಮೇಲಿನ ಸಂಖ್ಯೆಗಳಿಗೆ ಹೊಂದಬೇಕು. ಮಾಲೀಕರು ತೀರಿಕೊಂಡಿದ್ದರೆ ವಾರಸುದಾರರು ಫಾರಂ 31 ಸಲ್ಲಿಸಿ ಮೊದಲು ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು. ಆಮೇಲೆ ಮಾರಾಟಕ್ಕೆ ಫಾರಂ 29 ಮತ್ತು 30. ಆಳಂದ ಕಡೆಯವರಿಗೆ ಸೊಲ್ಲಾಪುರ ಹತ್ತಿರ. ಗಾಡಿ ಮಹಾರಾಷ್ಟ್ರದ ನೋಂದಣಿಯದಾಗಿದ್ದರೆ ಅಲ್ಲಿಯ ಆರ್.ಟಿ.ಓ. ಕಚೇರಿಯಿಂದ ನಿರಾಕ್ಷೇಪಣಾ ಪತ್ರವೂ ಬೇಕು.

ಎರಡನೆಯದು ತುಕ್ಕು. ಈ ಕಾರುಗಳಲ್ಲಿ ಉಕ್ಕಿನ ಚೌಕಟ್ಟಿನ ಮೇಲೆ ಬಾಡಿಯನ್ನು ಬೋಲ್ಟ್ ಹಾಕಿ ಕೂರಿಸಿರುತ್ತಾರೆ. ನಮ್ಮ ಎರೆಮಣ್ಣು ಮಳೆಗಾಲದಲ್ಲಿ ತೇವವನ್ನು ಬಹುಕಾಲ ಹಿಡಿದಿಟ್ಟುಕೊಳ್ಳುತ್ತದೆ. ಆದ್ದರಿಂದ ಮಣ್ಣು ಕೆರೆದು ಚೌಕಟ್ಟನ್ನು ಸ್ಕ್ರೂಡ್ರೈವರಿನಿಂದ ಚುಚ್ಚಿ ನೋಡಿ. ತಗಡು ಪುಡಿಯಾದರೆ ಚಿಂತಿಸಬೇಕು. ಬಣ್ಣ ಚೆನ್ನಾಗಿದ್ದ ಕಡೆ ಒಂದು ಅಯಸ್ಕಾಂತ ಹಿಡಿಯಿರಿ. ಅಂಟದಿದ್ದರೆ ಒಳಗೆ ಪುಟ್ಟಿ ತುಂಬಿದ್ದಾರೆ ಎಂದು ತಿಳಿಯಿರಿ.

ಮೂರನೆಯದು ಎಂಜಿನ್. ವರ್ಷಗಟ್ಟಲೆ ನಿಂತದ್ದಕ್ಕೆ ಬ್ಯಾಟರಿ ಜೋಡಿಸಿ ಸೆಲ್ಫ್ ಹೊಡೆಯಬೇಡಿ. ಪ್ಲಗ್ ಬಿಚ್ಚಿ, ಪ್ರತಿ ಸಿಲಿಂಡರಿಗೆ ತುಸು ಎಣ್ಣೆ ಬಿಟ್ಟು, ಮರುದಿನ ಕೈಯಿಂದ ತಿರುಗಿಸಿ ನೋಡಿ. ಡಿಪ್‌ಸ್ಟಿಕ್ಕಿನ ಎಣ್ಣೆ ಹಾಲು ಬೆರೆಸಿದ ಚಹಾದಂತಿದ್ದರೆ ಒಳಗೆ ನೀರು ಸೇರಿದೆ. ಆ ಕಾಲದ ಪ್ಲಿಮತ್‌ನಲ್ಲಿ ಆರು ಸಿಲಿಂಡರಿನ, ಸುಮಾರು 3.6 ಲೀಟರಿನ ಎಂಜಿನ್; ಬ್ಯಾಟರಿ 6 ವೋಲ್ಟಿನದು, ಅದರ ಪಾಸಿಟಿವ್ ತಂತಿ ಬಾಡಿಗೆ. ಇದು ತಿಳಿಯದೆ 12 ವೋಲ್ಟ್ ಕೊಟ್ಟವರು ವೈರಿಂಗ್ ಸುಟ್ಟುಕೊಳ್ಳುತ್ತಾರೆ. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಬೆರೆತಿರುವುದರಿಂದ ಹಳೆಯ ರಬ್ಬರ್ ಪೈಪುಗಳನ್ನೂ ಪಂಪಿನ ಡಯಾಫ್ರಾಮನ್ನೂ ಬದಲಿಸಲೇಬೇಕು. ಬ್ರೇಕಿನ ನಾಲ್ಕು ಚಕ್ರಗಳಿಗೂ ಒಂದೇ ಮಾರ್ಗ. ಒಂದು ಕಡೆ ಸೋರಿದರೆ ಎಲ್ಲವೂ ಹೋದಂತೆ. ಅದನ್ನು ಸರಿಪಡಿಸದೆ ಗಾಡಿಯನ್ನು ಹಿತ್ತಿಲಿನಿಂದ ಹೊರಗೆ ತರಬೇಡಿ.

ನಾಲ್ಕನೆಯದು, ಗಾಜು, ಕ್ರೋಮಿನ ಪಟ್ಟಿ, ದೀಪದ ಬಳೆ, ಬಾಗಿಲಿನ ಹಿಡಿಕೆಗಳು. ಪಿಸ್ಟನ್ ರಿಂಗು, ಬೇರಿಂಗುಗಳನ್ನು ಅಮೆರಿಕದಿಂದಲಾದರೂ ತರಿಸಬಹುದು. ಕಳೆದುಹೋದ ಈ ಸಣ್ಣ ಸಾಮಾನುಗಳು ಸಿಗುವುದೇ ಕಷ್ಟ. ಆದ್ದರಿಂದ ಮನೆಯ ಅಟ್ಟ, ಕಾಳಿನ ಕೋಣೆ, ಹಳೆಯ ಪೆಟ್ಟಿಗೆಗಳಲ್ಲಿ ಹುಡುಕಲು ಮನೆಯವರನ್ನು ಕೇಳಿಕೊಳ್ಳಿ.

ಹುಡುಗ ಇದೆಲ್ಲವನ್ನೂ ಒಂದೊಂದಾಗಿ ನೋಡಿ ನೋಟುಬುಕ್ಕಿನಲ್ಲಿ ಬರೆದುಕೊಂಡ. ಚೌಕಟ್ಟು ಗಟ್ಟಿಯಾಗಿತ್ತು. ಎಂಜಿನ್ ಮರುದಿನ ತಿರುಗಿತು. ವೈರುಗಳನ್ನು ಇಲಿ ಕಡಿದಿದ್ದವು, ಸೀಟು ಮಣ್ಣಾಗಿತ್ತು. ಗಾಜುಗಳು ಮಾತ್ರ ಎಲ್ಲವೂ ಇದ್ದವು. ಮಾಲೀಕರಾದ ಅಜ್ಜಿಗೆ ಗುಜರಿಯವನೊಬ್ಬ ಕಿಲೋ ಲೆಕ್ಕದಲ್ಲಿ ದರ ಹೇಳಿ ಹೋಗಿದ್ದ. ಅವರು ಅದಕ್ಕೇ ಒಪ್ಪುವಂತಿದ್ದರು.

ತಂದೆ ಮಗನನ್ನು ಬದಿಗೆ ಕರೆದು, "ಅದ ರೇಟಿನಾಗ ನಾವೇ ತಗೊಂಬಿಡೋಣು. ಆಯಿಗೇನು ಗೊತ್ತಾಗ್ತದ?" ಎಂದರು.

ಹುಡುಗ ತಲೆ ತಗ್ಗಿಸಿ, "ನಮಗ ಗೊತ್ತಾಗ್ಯದಲ್ಲ ಅಪ್ಪಾ" ಎಂದ.

ತಂದೆ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ತಾವೇ ಹೋಗಿ ಕಟ್ಟೆಯ ಮೇಲೆ ಕೂತು, "ಆಯಿ, ಇದು ಗುಜರಿ ಮಾಲಲ್ಲ. ಗುಜರಿಯಾಂವಗ ಕೊಡಬ್ಯಾಡ್ರಿ. ಮೊದಲ ಕಾಗದ ನಿಮ್ಮ ಹೆಸರಿಗಿ ಮಾಡಿಸ್ಕೋರಿ" ಎಂದು ಹೇಳಿದರು. ಆರ್.ಸಿ. ಪುಸ್ತಕ ಇನ್ನೂ ತೀರಿಹೋದ ಯಜಮಾನರ ಹೆಸರಿನಲ್ಲೇ ಇತ್ತು.

ಪಾಲಕರಿಗೆ ಒಂದು ಮಾತು. ಆ ರೈತರು ಕಾರು ಕೊಳ್ಳಲಿಲ್ಲ. ಕೊಳ್ಳುವ ಬೆಲೆ ಖರ್ಚಿನ ಮೊದಲ ಕಂತು ಮಾತ್ರ. ದುರಸ್ತಿಗೆ ಅದರ ಹಲವು ಪಟ್ಟು ಬೇಕಾದೀತು. ಓಡಿದರೂ ಲೀಟರಿಗೆ ಐದಾರು ಕಿಲೋಮೀಟರ್. ಐವತ್ತು ವರ್ಷ ದಾಟಿದ, ಮೂಲರೂಪ ಕೆಡದ ವಾಹನಗಳಿಗೆ 2021ರ ಕೇಂದ್ರದ ನಿಯಮದಂತೆ ವಿಂಟೇಜ್ ನೋಂದಣಿ ಉಂಟು. ಹೊಸದಾಗಿ ನೋಂದಾಯಿಸಲು ಶುಲ್ಕ 20,000 ರೂಪಾಯಿ, ಅವಧಿ ಹತ್ತು ವರ್ಷ. ಆದರೆ ಆ ನೋಂದಣಿಯ ಗಾಡಿಯನ್ನು ದಿನನಿತ್ಯದ ಓಡಾಟಕ್ಕೂ ಬಾಡಿಗೆಗೂ ಬಳಸುವಂತಿಲ್ಲ. ಕಾಲೇಜಿನ ಫೀಗೆ ಇಟ್ಟ ರೊಕ್ಕವನ್ನು ಇಂಥದಕ್ಕೆ ಹಾಕುವುದು ಜಾಣತನವಲ್ಲ.

ಹಾಗೆಂದು ಆ ಎರಡು ದಿನ ವ್ಯರ್ಥವಾಗಲಿಲ್ಲ. ತರಗತಿಯಲ್ಲಿ ಚಿತ್ರ ನೋಡಿ ಕಲಿತದ್ದನ್ನು ಹುಡುಗ ಕೈಯಿಂದ ಮುಟ್ಟಿ ಕಲಿತ. ನೋಟುಬುಕ್ಕಿನ ಆ ಪುಟಗಳನ್ನು ಬಿಡಿಯಾಗಿ ಇನ್ನೊಮ್ಮೆ ಬರೆದು ಅಜ್ಜಿಗೆ ಕೊಟ್ಟುಬಂದ. ಮುಂದೆ ಕೊಳ್ಳಲು ಬರುವವರಿಗೆ ತೋರಿಸಲು ಅವರ ಬಳಿ ಈಗ ಅದೊಂದು ಪಟ್ಟಿ ಇದೆ. ಹಳೆಯ ಗಾಡಿಯನ್ನು ಅಳೆಯಲು ಹೋದವರು ಬೆಲೆಯನ್ನು ಎರಡೂ ಕಡೆಗೆ ಸರಿಯಾಗಿ ಹೇಳಿ ಬರಬೇಕು.