ರಕ್ತದ ಗುಟ್ಟು ಒಬ್ಬರದಲ್ಲ

2018ರ ಏಪ್ರಿಲ್‌ನಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಜೋಸೆಫ್ ಜೇಮ್ಸ್ ಡಿಯಾಂಜೆಲೊ ಎಂಬ 72 ವರ್ಷದ ಮಾಜಿ ಪೊಲೀಸನ ಬಂಧನವಾಯಿತು. ಎಪ್ಪತ್ತು ಮತ್ತು ಎಂಬತ್ತರ ದಶಕಗಳಲ್ಲಿ ಸರಣಿ ಕೊಲೆ, ಅತ್ಯಾಚಾರಗಳಿಂದ ಆ ರಾಜ್ಯವನ್ನು ನಡುಗಿಸಿದವನು ಆತನೇ. 2020ರಲ್ಲಿ 13 ಕೊಲೆಗಳನ್ನು ಒಪ್ಪಿಕೊಂಡ ಅವನಿಗೆ ಜೀವಾವಧಿ ಶಿಕ್ಷೆಯಾಯಿತು. ಸೋಜಿಗವೆಂದರೆ, ಅವನ ಡಿಎನ್‌ಎ ಪೊಲೀಸರ ಭಂಡಾರದಲ್ಲಿ ಇರಲೇ ಇಲ್ಲ. ವಂಶಾವಳಿ ತಿಳಿಯುವ ಕುತೂಹಲದಿಂದ ತಮ್ಮ ಡಿಎನ್‌ಎ ವಿವರವನ್ನು ಅಂತರ್ಜಾಲ ತಾಣಕ್ಕೆ ಒಪ್ಪಿಸಿದ್ದ ದೂರದ ಬಂಧುಗಳು, ತಮಗೇ ಅರಿವಿಲ್ಲದೆ, ಅವನ ಮನೆಯ ದಾರಿ ತೋರಿಸಿದ್ದರು.

ಇದನ್ನು ಸಾಧ್ಯವಾಗಿಸಿದ್ದು ವಿಜ್ಞಾನಿಗಳು 'ಸ್ನಿಪ್' ಎಂದು ಕರೆಯುವ ಒಂಟಿ ಅಕ್ಷರದ ವ್ಯತ್ಯಾಸಗಳು. ನಮ್ಮ ಡಿಎನ್‌ಎ ಸುಮಾರು 300 ಕೋಟಿ ಅಕ್ಷರಗಳ ಗ್ರಂಥ. ನನಗೂ ನಿಮಗೂ ಅದರಲ್ಲಿ ಸರಿಸುಮಾರು ಸಾವಿರಕ್ಕೊಂದು ಅಕ್ಷರ ಮಾತ್ರ ಬೇರೆ. ನ್ಯಾಯಾಲಯಗಳಿಗೆ ಪರಿಚಿತವಾದ ಸಾಂಪ್ರದಾಯಿಕ ಪರೀಕ್ಷೆ, ಅಕ್ಷರಗುಚ್ಛಗಳು ಮರುಕಳಿಸುವ ಇಪ್ಪತ್ತರಷ್ಟು ತಾಣಗಳನ್ನು ಮಾತ್ರ ನೋಡುತ್ತದೆ. 'ಇದು ಅವನದೇ ಹೌದೋ ಅಲ್ಲವೋ' ಎಂಬ ಪ್ರಶ್ನೆಗೆ ಉತ್ತರಿಸುತ್ತದೆ. ಒಂಟಿ ಸ್ನಿಪ್ ಹೇಳುವುದು ಅತ್ಯಲ್ಪ. ಆದರೆ ಲಕ್ಷಾಂತರ ಸ್ನಿಪ್‌ಗಳನ್ನು ಒಟ್ಟಿಗೆ ಓದಿದರೆ ದೂರದ ದಾಯಾದಿಯೂ ಸಿಕ್ಕುತ್ತಾನೆ. ಕಣ್ಣಿನ ಬಣ್ಣದ ಸುಳಿವೂ, ಕೆಲವು ಕಾಯಿಲೆಗಳ ಸಾಧ್ಯತೆಯೂ ಬಯಲಾಗುತ್ತದೆ.

ಇದರ ಉಪಕಾರವನ್ನು ನಾನು ಅಲ್ಲಗಳೆಯಲಾರೆ. 2001ರ ಸೆಪ್ಟೆಂಬರ್ 11ರಂದು ನ್ಯೂಯಾರ್ಕ್‌ನಲ್ಲಿ ಅವಳಿ ಗೋಪುರಗಳು ಕುಸಿದಾಗ, ಬೆಂಕಿ ಮತ್ತು ತೇವಕ್ಕೆ ಸಿಕ್ಕಿ ಮೃತರ ಡಿಎನ್‌ಎ ತುಂಡುತುಂಡಾಗಿತ್ತು. ಹಳೆಯ ಪರೀಕ್ಷೆಗೆ ನಿಲುಕದ ಅಂಥ ಚೂರುಗಳನ್ನು ಗುರುತಿಸಲು ಸ್ನಿಪ್ ವಿಧಾನವನ್ನೂ ಬಳಸಲಾಯಿತು. ಒಂದೇ ಅಕ್ಷರ ಓದಲು ಸಣ್ಣ ತುಣುಕು ಸಾಕು. ಮಗನ ಒಂದು ಮೂಳೆಯನ್ನಾದರೂ ಮಣ್ಣು ಮಾಡಬೇಕೆಂದು ಕಾದ ತಾಯಿಗೆ ಇದು ಕೇವಲ ತಂತ್ರಜ್ಞಾನವಲ್ಲ.

ನನ್ನ ಅಳುಕು ಇರುವುದು ಬೇರೆ ಕಡೆ. ಬೆರಳಚ್ಚು ನನ್ನೊಬ್ಬನದು; ಸ್ನಿಪ್ ಮಾಹಿತಿ ಇಡೀ ವಂಶದ್ದು. ನಾಳೆ ನನ್ನ ಸೋದರ ಸಂಬಂಧಿಯೊಬ್ಬ ಕುತೂಹಲಕ್ಕಾಗಿ ಎಂಜಲು ಕೊಟ್ಟರೆ, ಒಪ್ಪಿಗೆ ಅವನದು, ಬಯಲಾಗುವುದು ನಾವೆಲ್ಲರೂ. ಇನ್ನೂ ಹುಟ್ಟದ ಮೊಮ್ಮಕ್ಕಳನ್ನು ಯಾರು ಕೇಳುತ್ತಾರೆ? ನಮ್ಮ ಸಮಾಜದಲ್ಲಿ ಇದು ಇನ್ನಷ್ಟು ತೊಡಕಿನದು. ಒಳಜಾತಿಯಲ್ಲೇ ಮದುವೆ, ಸೋದರಮಾವನಿಗೇ ಹೆಣ್ಣು ಕೊಡುವ ಪದ್ಧತಿ ತಲೆತಲಾಂತರದಿಂದ ನಡೆದುಬಂದಿರುವಲ್ಲಿ, ದೂರದವರೂ ಹತ್ತಿರದ ರಕ್ತಸಂಬಂಧಿಗಳಂತೆ ಕಾಣುತ್ತಾರೆ. ಅನುಮಾನದ ನೆರಳು ಇಡೀ ಕೇರಿಯ ಮೇಲೆ ಬೀಳಬಹುದು.

ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರಲ್ಲಿ ಸಾರಿದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಮೊಕದ್ದಮೆಯಲ್ಲಿ ಎಂಬುದು ನಮಗೆ ಹೆಮ್ಮೆಯ ಸಂಗತಿ. ಆದರೆ ಡಿಎನ್‌ಎ ಬಳಕೆಯನ್ನು ನಿಯಂತ್ರಿಸಲು 2019ರಲ್ಲಿ ಲೋಕಸಭೆಯಲ್ಲಿ ಮಂಡಿಸಿದ ಮಸೂದೆಯನ್ನು 2023ರಲ್ಲಿ ಹಿಂತೆಗೆದುಕೊಳ್ಳಲಾಯಿತು. ಅಷ್ಟರಲ್ಲಿ 2022ರ ಅಪರಾಧ ಪ್ರಕ್ರಿಯೆ (ಗುರುತಿಸುವಿಕೆ) ಕಾಯ್ದೆ ಜೈವಿಕ ಮಾದರಿ ಪಡೆಯುವ ಅಧಿಕಾರವನ್ನೂ, ದಾಖಲೆಯನ್ನು 75 ವರ್ಷ ಕಾಯ್ದಿಡುವ ಅವಕಾಶವನ್ನೂ ನೀಡಿತ್ತು. ಬಂಧುಗಳ ಮೂಲಕ ಹುಡುಕುವ ವಿಷಯದಲ್ಲಿ ಅದು ಮೌನವಾಗಿದೆ.

ಈ ಮೌನ ಮುರಿಯಬೇಕು. ಕೊಲೆ, ಅತ್ಯಾಚಾರದಂಥ ಘೋರ ಅಪರಾಧಗಳಿಗೆ ಮತ್ತು ಅನಾಮಿಕ ಶವಗಳ ಗುರುತಿಗೆ ಮಾತ್ರ ಇಂಥ ಶೋಧ ನಡೆಯಲಿ. ಅದಕ್ಕೆ ನ್ಯಾಯಾಧೀಶರ ಅನುಮತಿ ಕಡ್ಡಾಯವಾಗಲಿ. ಫಲಿತಾಂಶವನ್ನು ಸುಳಿವೆಂದಷ್ಟೇ ಪರಿಗಣಿಸಲಿ. ಕ್ಯಾಲಿಫೋರ್ನಿಯಾದಲ್ಲೂ ಬಂಧನಕ್ಕೆ ಮುನ್ನ ಆರೋಪಿಯ ಸ್ವಂತ ಡಿಎನ್‌ಎಯನ್ನು ಹೋಲಿಸಿಯೇ ಖಚಿತಪಡಿಸಿಕೊಳ್ಳಲಾಗಿತ್ತು. ಕೆಲಸ ಮುಗಿದ ಮೇಲೆ ನಿರ್ದೋಷಿ ಬಂಧುಗಳ ವಿವರ ಅಳಿಸಿಹೋಗಲಿ. ಪ್ರಯೋಗಾಲಯ ಎಷ್ಟು ಸೂಕ್ಷ್ಮವಾಗಿ ಓದಬಲ್ಲದೋ, ಕಾನೂನೂ ಅಷ್ಟೇ ಸೂಕ್ಷ್ಮವಾಗಿ ಗೆರೆ ಎಳೆಯಬೇಕು.