ಗೌಡರು ಇದ್ದಿದ್ದರೆ!

ಶಿರಾಳಕೊಪ್ಪದಲ್ಲಿ ಸಂತೆಯ ದಿನ ಯಾವ ಚಹದಂಗಡಿಯ ಬೆಂಚಿನ ಮೇಲೆ ಕುಳಿತರೂ ಒಂದು ಮಾತು ಕಿವಿಗೆ ಬೀಳದೆ ಇರದು. ಜೋಳದ ದರ ಬಿತ್ತೆಂದು ಒಬ್ಬರು, ಗಿರಣಿಯಲ್ಲಿ ಕೂಲಿ ಏರಲಿಲ್ಲವೆಂದು ಇನ್ನೊಬ್ಬರು, ಕೈ ಬಿಸಿ ಮಾಡದೆ ಕಚೇರಿಯಲ್ಲಿ ಕಾಗದ ಮುಂದಕ್ಕೆ ಹೋಗದೆಂದು ಮತ್ತೊಬ್ಬರು ದೂರುತ್ತಾರೆ. ಕೊನೆಗೆ ತಲೆ ನರೆತವರೊಬ್ಬರು ನಿಟ್ಟುಸಿರು ಬಿಟ್ಟು, “ಗೋಪಾಲಗೌಡರು ಇದ್ದಿದ್ದರೆ ಹೀಗಾಗುತ್ತಿರಲಿಲ್ಲ” ಎನ್ನುತ್ತಾರೆ. ಎಲ್ಲರೂ ಹೌದೆಂದು ತಲೆದೂಗಿ, ಲೋಟ ಕೆಳಗಿಟ್ಟು, ತಮ್ಮ ತಮ್ಮ ದಾರಿ ಹಿಡಿಯುತ್ತಾರೆ.

ಈ ಮಾತಿನಲ್ಲಿ ಎಷ್ಟು ನಿಜವಿದೆ, ಎಷ್ಟು ನೆವವಿದೆ ಎಂಬುದನ್ನು ಒಮ್ಮೆಯಾದರೂ ತೂಗಿ ನೋಡಬೇಕು. ತಕ್ಕಡಿ ಹಿಡಿದು ಬದುಕುವ ವ್ಯಾಪಾರಿಗಳಿಗೂ, ಚೀಲ ಹೊತ್ತು ಬದುಕುವ ಗಿರಣಿಯ ಕೆಲಸಗಾರರಿಗೂ ತೂಕದ ಮಾತನ್ನು ನಾವು ಹೇಳಿಕೊಡಬೇಕಾಗಿಲ್ಲ.

ಶಾಂತವೇರಿ ಗೋಪಾಲಗೌಡರು ಹುಟ್ಟಿದ್ದು 1923ರ ಮಾರ್ಚ್ 14ರಂದು, ತೀರ್ಥಹಳ್ಳಿ ತಾಲ್ಲೂಕಿನಲ್ಲಿ. ಖಾಯಿಲೆಯಲ್ಲಿ ನರಳಿ ತೀರಿಕೊಂಡದ್ದು 1972ರ ಜೂನ್ 9ರಂದು. ಐವತ್ತು ತುಂಬಲಿಲ್ಲ. 1942ರ ಚಳವಳಿಯಲ್ಲಿ ಸೆರೆಮನೆ ಕಂಡರು. ಮೂರು ಬಾರಿ ಶಾಸಕರಾದರು. ‘ಒಂದು ಓಟು, ಒಂದು ನೋಟು’ ಎಂದು ಕೇಳಿ ಗೆದ್ದವರು ಅವರು. ಮತವನ್ನೂ ಚುನಾವಣೆಯ ಖರ್ಚನ್ನೂ ಬಡವರೇ ಕೊಟ್ಟರು. ಇಂದು ಓಟಿಗೆ ನೋಟು ಹಂಚುವವರು ಇದನ್ನು ಕೇಳಿದರೆ ನಕ್ಕಾರು!

1951ರ ಏಪ್ರಿಲ್‌ನಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಸತ್ಯಾಗ್ರಹ ಆರಂಭವಾದಾಗ ಗೌಡರಿಗೆ 28 ವರ್ಷ. ಆ ಹೋರಾಟದ ಮೂಲದಲ್ಲಿ ಇದ್ದದ್ದು ಒಂದು ಕೊಳಗ. ಗೇಣಿಯ ಭತ್ತ ಅಳೆಯುವಾಗ ಒಡೆಯರು ಹಿಡಿಯುತ್ತಿದ್ದ ಕೊಳಗ ಸರ್ಕಾರದ ಅಳತೆಗಿಂತ ದೊಡ್ಡದು. ಅದನ್ನು ಪ್ರಶ್ನಿಸಿದ ಗೇಣಿದಾರರನ್ನು ಗದ್ದೆಯಿಂದ ಹೊರಗೆ ಹಾಕಿದರು. ತಮ್ಮ ತಂದೆ, ಅಜ್ಜ ಉತ್ತ ಗದ್ದೆಗೆ ನೇಗಿಲು ಹೊತ್ತು ಇಳಿದ ರೈತರು ತಂಡ ತಂಡವಾಗಿ ಸೆರೆಮನೆಗೆ ಹೋದರು. ಅದೇ ಜೂನ್‌ನಲ್ಲಿ ಡಾ. ರಾಮಮನೋಹರ ಲೋಹಿಯಾರವರು ಬಂದು ತಾವೂ ಬಂಧನಕ್ಕೆ ಒಳಗಾದರು. ಕೊಳ್ಳುವಾಗ ಒಂದು ಅಳತೆ, ಕೊಡುವಾಗ ಒಂದು ಅಳತೆ ಇಟ್ಟುಕೊಂಡ ಅಂಗಡಿಯವನನ್ನು ಸಂತೆಯಲ್ಲಿ ಕಳ್ಳನೆನ್ನುತ್ತೇವೆ. ಅದೇ ಕೆಲಸ ಮಾಡಿದ ಜಮೀನ್ದಾರನನ್ನು ಅಲ್ಲಿಯವರೆಗೆ ಧಣಿ ಎನ್ನುತ್ತಿದ್ದೆವು.

ಗೌಡರು ಕಣ್ಣುಮುಚ್ಚಿ 17 ತಿಂಗಳು ತುಂಬುವ ಮೊದಲೇ, 1973ರ ನವೆಂಬರ್ 1ರಂದು, ಅವರು ಬಹುಕಾಲ ಒತ್ತಾಯಿಸಿದ್ದ ಕರ್ನಾಟಕ ಎಂಬ ಹೆಸರು ಈ ರಾಜ್ಯಕ್ಕೆ ಬಂತು. 1974ರ ಮಾರ್ಚ್ 1ರಂದು ದೇವರಾಜ ಅರಸರ ಸರ್ಕಾರದ ಭೂಸುಧಾರಣಾ ತಿದ್ದುಪಡಿ ಜಾರಿಗೆ ಬಂತು. ಉಳುವವನೇ ಒಡೆಯನೆಂಬ ಕೂಗು ಕಾಯಿದೆಯಾಯಿತು. ಬಿತ್ತಿದವರಿಗೆ ಕುಯ್ಲಿನ ದಿನ ಕಾಣುವ ಭಾಗ್ಯವಿರಲಿಲ್ಲ.

ಅವರು ಇನ್ನು ಹತ್ತು ವರ್ಷ ಬದುಕಿದ್ದರೆ? ನಮ್ಮ ಎಣಿಕೆಯಂತೆ, ಮೊದಲ ವ್ಯತ್ಯಾಸ ಕಾಣುತ್ತಿದ್ದುದು ಭೂನ್ಯಾಯ ಮಂಡಳಿಗಳ ಮುಂದೆ. ಫಾರಂ 7 ಸಲ್ಲಿಸುವ ಗಡುವು ಮುಂದೂಡುತ್ತ ಮುಂದೂಡುತ್ತ 1979ರ ಜೂನ್‌ವರೆಗೆ ಹೋಯಿತು. ರಾಜ್ಯದಲ್ಲಿ ಸುಮಾರು 8 ಲಕ್ಷ ಅರ್ಜಿಗಳು ಬಂದವು. ಕಾಯಿದೆಯ ಸತ್ವ ಇದ್ದದ್ದು ಪುಸ್ತಕದಲ್ಲಲ್ಲ. ಅರ್ಜಿ ಹಿಡಿದು ನಿಂತ ಬಡವನ ಬೆನ್ನಿಗೆ ಯಾರಿದ್ದಾರೆ ಎಂಬುದರಲ್ಲಿ. ಆ ವರ್ಷಗಳಲ್ಲಿ ವಿರೋಧ ಪಕ್ಷದ ಬೆಂಚಿನಲ್ಲಿ ಗೌಡರ ಗುಡುಗಿನಂಥ ದನಿ ಇದ್ದಿದ್ದರೆ, ಅರ್ಜಿ ಹಾಕಲು ಅಂಜಿ ಮನೆಯಲ್ಲೇ ಉಳಿದ ಎಷ್ಟೋ ಮಂದಿ ಮುಂದೆ ಬರುತ್ತಿದ್ದರು.

ಎರಡನೆಯದು, ಕೂಲಿಗಳ ಪ್ರಶ್ನೆ. ಕಾಯಿದೆ ಭೂಮಿ ಕೊಟ್ಟದ್ದು ಮುಖ್ಯವಾಗಿ ಗೇಣಿದಾರನಿಗೆ. ಗೇಣಿಯೂ ಇಲ್ಲದೆ ಬರೀ ದಿನಗೂಲಿಗೆ ನಾಟಿ ಹಾಕಿದ ಹೆಂಗಸಿಗೆ, ಹೊರೆ ಹೊತ್ತ ಹೊಲೆಯ ಮಾದಿಗರ ಕೇರಿಯವನಿಗೆ ಏನು ಸಿಕ್ಕಿತು? ನಿನ್ನೆಯ ಗೇಣಿದಾರ ಇಂದಿನ ಒಡೆಯನಾಗಿ, ಕೂಲಿ ಕೇಳಿದವನ ಮೇಲೆ ಕಣ್ಣು ಕೆಂಪಗೆ ಮಾಡಿದಾಗ, ಅವನನ್ನು ನಿಲ್ಲಿಸಿ ಕೇಳುವ ನೈತಿಕ ಅಧಿಕಾರ ಕಾಗೋಡಿನಲ್ಲಿ ಅವನ ಜೊತೆ ನಿಂತವರಿಗೆ ಮಾತ್ರ ಇತ್ತು. ಗೌಡರ ಸಾವಿನಿಂದ ಆದ ದೊಡ್ಡ ನಷ್ಟ ಇದೇ ಎಂದು ನಾವು ತಿಳಿಯುತ್ತೇವೆ.

ಇದು ತಕ್ಕಡಿಯ ಒಂದು ತಟ್ಟೆ. ಇನ್ನೊಂದನ್ನೂ ನೋಡೋಣ. 1957ರಲ್ಲಿ ಗೌಡರು ಸೋತರು. ಸೋಲಿಸಿದವರು ನಾವೇ, ಈ ಜಿಲ್ಲೆಯ ಮತದಾರರು. ನಮ್ಮ ಪಕ್ಷದ ಒಡಕಂತೂ ಅವರ ಸಾವಿಗೆ ಕಾಯಲಿಲ್ಲ. 1955ರಲ್ಲಿ ಒಡೆಯಿತು, 1964ರಲ್ಲಿ ಕೂಡಿತು, 1965ರಲ್ಲಿ ಮತ್ತೆ ಒಡೆಯಿತು. ಗೌಡರೂ ಇದ್ದರು, ಡಾ. ಲೋಹಿಯಾರವರೂ ಇದ್ದರು. 1967ರ ಚುನಾವಣೆಯಲ್ಲಿ ಉತ್ತರದ ಹಲವು ರಾಜ್ಯಗಳಲ್ಲಿ ಕಾಂಗ್ರೆಸ್ಸಿನ ಬುಡ ಅಲುಗಿತು. ಅದೇ ಅಕ್ಟೋಬರ್ 12ರಂದು 57 ವರ್ಷದ ಲೋಹಿಯಾರವರು ತೀರಿಕೊಂಡರು. ಆಗಲೂ ದೇಶವೆಲ್ಲ ‘ಅವರು ಇದ್ದಿದ್ದರೆ’ ಎಂದಿತು.

1967ರಲ್ಲಿ ಸೊರಬದಿಂದ ನಮ್ಮ ಪಕ್ಷದಿಂದಲೇ ಗೆದ್ದ ಬಂಗಾರಪ್ಪನವರು ಮುಂದೆ ಕಾಂಗ್ರೆಸ್ ಸೇರಿ 1990ರಲ್ಲಿ ಮುಖ್ಯಮಂತ್ರಿಯಾದರು. ಅದೇ ವರ್ಷ ಲೋಕಸಭೆಗೆ ಹೋಗಿ ಅಲ್ಲಿ ಕನ್ನಡದಲ್ಲಿ ಮಾತನಾಡಿದ ಜೆ. ಎಚ್. ಪಟೇಲರು 1996ರಲ್ಲಿ ಮುಖ್ಯಮಂತ್ರಿಯಾದರು. ರೈತರ ಪಂಪ್‌ಸೆಟ್ಟಿಗೆ ಉಚಿತ ವಿದ್ಯುತ್ ಬಂದದ್ದು ಬಂಗಾರಪ್ಪನವರ ಕಾಲದಲ್ಲಿ, ಅದನ್ನು ಮರೆಯಲಾಗದು. ಆದರೆ ಸಮಾಜವಾದದ ಗರಡಿಯಲ್ಲಿ ಬೆಳೆದವರು ಎರಡು ಬಾರಿ ಗದ್ದುಗೆ ಏರಿದರೂ ಸಮಾಜವಾದ ಏರಲಿಲ್ಲ. ಗೌಡರು ಗದ್ದುಗೆಯಲ್ಲಿದ್ದರೆ ಏರುತ್ತಿತ್ತೇ? ಹೌದೆಂದು ಎದೆ ತಟ್ಟಿ ಹೇಳುವ ಧೈರ್ಯ ನಮಗಿಲ್ಲ. ಕೆಳಗೆ ಜನ ಎಚ್ಚತ್ತು ನಿಲ್ಲದಿದ್ದರೆ ಒಬ್ಬ ಗೌಡರು ಏನು ಮಾಡಿಯಾರು?

ಸಾಗರದವರೆಗೂ ಹೋಗಬೇಕಿಲ್ಲ; ನಮ್ಮ ಶಿಕಾರಿಪುರ ತಾಲ್ಲೂಕಿನ ಈಸೂರನ್ನೇ ನೋಡಿ. 1942ರಲ್ಲಿ ಸ್ವತಂತ್ರವೆಂದು ಸಾರಿಕೊಂಡ ಹಳ್ಳಿ ಅದು. 1943ರ ಮಾರ್ಚ್‌ನಲ್ಲಿ ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರ್, ಹಾಲಪ್ಪ, ಶಂಕರಪ್ಪ ಎಂಬ ಐವರನ್ನು ಗಲ್ಲಿಗೆ ಹಾಕಿದರು. ಅವರು ಬದುಕಿದ್ದರೆ ಏನಾಗುತ್ತಿದ್ದರು ಎಂದು ಯಾವ ಚಹದಂಗಡಿಯಲ್ಲೂ ಯಾರೂ ಕೇಳಿದ್ದನ್ನು ನಾವು ಕಾಣೆವು. ಅವರು ನಾಯಕರಲ್ಲವಲ್ಲ! ಬಹುಶಃ ಊರಿನಲ್ಲೇ ದುಡಿದು, ಮಕ್ಕಳ ಮದುವೆ ಮಾಡಿ, ಸಂತೆಗೆ ಬಂದು ಹೋಗುತ್ತಿದ್ದರು. ಆದರೆ ಅವರು ಯಾವ ನಾಯಕನ ಬರವಿಗೂ ಕಾಯದೆ ತಮ್ಮ ಹಳ್ಳಿಯ ಕೆಲಸ ತಾವು ಮಾಡಿದರು. ಕಾಗೋಡಿನಲ್ಲೂ ಹಾಗೆಯೇ. ಲೋಹಿಯಾರವರು ದೆಹಲಿಯಿಂದ ಬಂದು ಅಲ್ಲಿ ಬೆಂಕಿ ಹಚ್ಚಲಿಲ್ಲ, ಎಚ್. ಗಣಪತಿಯಪ್ಪನವರಂಥವರು ಕಟ್ಟಿದ ರೈತ ಸಂಘವೂ, ಕೊಳಗ ದೊಡ್ಡದು ಎಂದು ಬಾಯಿಬಿಟ್ಟ ಅನಾಮಿಕ ಗೇಣಿದಾರನೂ ಹಚ್ಚಿದ್ದ ಬೆಂಕಿಗೆ ಅವರು ಬಂದರು.

ದೊಡ್ಡ ಕೊಳಗ ಇಂದು ಮಾಯವಾಗಿದೆಯೇ? 2020ರಲ್ಲಿ ಭೂಸುಧಾರಣಾ ಕಾಯಿದೆಗೆ ಮತ್ತೆ ತಿದ್ದುಪಡಿ ತಂದು, ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಾರದೆಂದಿದ್ದ ಕಟ್ಟನ್ನು ಸರ್ಕಾರ ಬಿಚ್ಚಿತು. ಉಳುವವನ ಹೊಲ ಹಣವುಳ್ಳವನ ಹೊಲವಾಗಲು ದಾರಿ ತೆರೆಯಿತು. ಇದು ರೈತನ ಗೋಳು, ನಮಗೇನು ಎಂದು ಗಿರಣಿಯವರೂ ಅಂಗಡಿಯವರೂ ಸುಮ್ಮನಿರುವಂತಿಲ್ಲ. ಗದ್ದೆ ನಿವೇಶನವಾದರೆ ಗಿರಣಿಗೆ ಭತ್ತ ಎಲ್ಲಿಂದ ಬಂದೀತು? ರೈತನ ಕೈ ಬರಿದಾದರೆ ಸಂತೆಯಲ್ಲಿ ಕೊಳ್ಳುವವರಾರು?

ಈಗ ಬೆಂಗಳೂರಿನ ವಿಧಾನಸೌಧದ ಬಳಿ ಗೌಡರ ಹೆಸರಿನ ವೃತ್ತವಿದೆ. ಶಿವಮೊಗ್ಗದಲ್ಲಿ ಅವರ ಹೆಸರಿನ ಬಡಾವಣೆಯಿದೆ. ಅವರ ಚಿತ್ರಕ್ಕೆ ಹಾರ ಹಾಕಲು ಯಾವ ಪಕ್ಷಕ್ಕೂ ಸಂಕೋಚವಿಲ್ಲ. ಸತ್ತವರು ಎದ್ದು ಬಂದು ಲೆಕ್ಕ ಕೇಳುವುದಿಲ್ಲವೆಂಬ ಧೈರ್ಯ ಅದು. ನಮ್ಮ ‘ಇದ್ದಿದ್ದರೆ’ ಎಂಬ ನಿಟ್ಟುಸಿರೂ ಅದೇ ಹಾರದ ಒಂದು ಹೂವಾಗಿಬಿಟ್ಟಿದೆ. ಮಾಡಬೇಕಾದುದನ್ನು ಸತ್ತವರ ಲೆಕ್ಕಕ್ಕೆ ಬರೆದು ಕೈತೊಳೆಯುವ ಉಪಾಯ ಅದು.

ಲೋಹಿಯಾರವರು ನಮಗೆ ಹೇಳಿಕೊಟ್ಟ ಆಯುಧಗಳು ಮೂರು: ಸಲಿಕೆ, ಸೆರೆಮನೆ, ಮತ. ಇವುಗಳಲ್ಲಿ ಯಾವುದೂ ಸತ್ತವರೊಡನೆ ಮಣ್ಣಾಗಿಲ್ಲ. ಮುಂದಿನ ಸಂತೆಯ ದಿನ ಯಾರಾದರೂ “ಗೌಡರು ಇದ್ದಿದ್ದರೆ” ಎಂದಾಗ ತಲೆದೂಗಿ ಏಳಬೇಡಿರಿ. ಚೀಲದ ತೂಕ ಸರಿಯಿದೆಯೇ, ಕೂಲಿಯ ಲೆಕ್ಕ ಸರಿಯಿದೆಯೇ, ಪಕ್ಕದ ಗದ್ದೆ ಯಾರ ಹೆಸರಿಗೆ ಹೋಯಿತು ಎಂದು ಅಲ್ಲಿಯೇ ಕೇಳಿರಿ. ಗೌಡರು ಇಲ್ಲ. ನಾವು ಇದ್ದೇವೆ.